ಮಳೆ ನಿಲ್ಲುವವರೆಗೆ ಅಲ್ಲೇ ಇರು

ಪ್ರೊಜೆಕ್ಟರ್ ವೈರ್ ಸಿಕ್ಕಿಸಿ ತಲೆ ಎತ್ತಿದರೆ, ಎದುರಿಗೆ ರಾಹೀಲ್ ನಿಂತಿದ್ದ!

ಹದಿನಾಲ್ಕು ತಿಂಗಳ ಹಿಂದೆ ಜಾಹಿದಾ ನಿಶ್ಚಿತಾರ್ಥದ ಉಂಗುರ ಬಿಚ್ಚಿ ವಾಪಸ್ ಕೊಟ್ಟಿದ್ದು ಇದೇ ಮನುಷ್ಯನಿಗೆ. ಎದೆ ಧಸಕ್ ಅನ್ನಬೇಕಿತ್ತು. ಅನ್ನಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಅವಳಿಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ, ಊಟದ ರುಚಿಯೂ ತಿಳಿಯುತ್ತಿರಲಿಲ್ಲ.

"ನೀನು... ಇಲ್ಲಿ?"

"ಇಲ್ಲೇ ಕೆಲಸ. ನಿಮಗೆ ಮೈಕ್ ಬೇಕಾ?"

ನಿಮಗೆ! ಆ ಒಂದು ಮಾತಿಗೆ ರಾಹೀಲನ ಮುಖ ಸಪ್ಪಗಾಯಿತು.

ಎಡಿಸನ್ ಊರಿನ ಲೈಬ್ರರಿಯಲ್ಲಿ ಶನಿವಾರದ ಉಪನ್ಯಾಸ. 'ಸಿಸಿಲಿಯ ಮದೋನಿಯೆ ಪರ್ವತ ಉದ್ಯಾನ: ನಿಸರ್ಗ ಮತ್ತು ಪರಂಪರೆ' ಎಂದಷ್ಟೇ ನೋಟಿಸಿನಲ್ಲಿತ್ತು, ಮಾತನಾಡುವವನ ಹೆಸರಿರಲಿಲ್ಲ. ಇದ್ದಿದ್ದರೆ ಅವಳು ರಜೆ ಹಾಕುತ್ತಿದ್ದಳೇ? ಇಲ್ಲ ಬಿಡಿ. ರಜೆ ಹಾಕುವುದಕ್ಕೂ ಒಳಗೆ ಏನಾದರೂ ಅನಿಸಬೇಕಲ್ಲ!

ಓಕ್ ಟ್ರೀ ರೋಡಿನ ಶಾಪಿಂಗ್ ಬಿಟ್ಟು ಎಂಟು ಜನ ಬಂದಿದ್ದೇ ಹೆಚ್ಚು. ಮುಂದಿನ ಸಾಲಿನಲ್ಲಿ ಸುಧಾಮಣಿ ಆಂಟಿ, ತರಕಾರಿ ಚೀಲದ ಸಮೇತ.

ಲೈಟ್ ಆರಿಸಿ ಜಾಹಿದಾ ಲ್ಯಾಪ್‌ಟಾಪ್ ಮುಂದೆ ಕೂತಳು. ಸ್ಲೈಡ್ ಬದಲಾಯಿಸುವ ಕೆಲಸ ಅವಳದು.

ರಾಹೀಲ್ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ. ಮೊದಲು ಫರ್ ಮರಗಳು. ಆ ಜಾತಿಯ ದೊಡ್ಡ ಮರಗಳು ಕಾಡಿನಲ್ಲಿ ಉಳಿದಿರುವುದು ಮೂವತ್ತರಷ್ಟು ಮಾತ್ರವಂತೆ, ಅದೂ ಆ ಬೆಟ್ಟದಲ್ಲೇ. ಆಮೇಲೆ ಹಿಮದ ಗುಂಡಿಗಳು. ಹಿಂದಿನವರು ಚಳಿಗಾಲದಲ್ಲಿ ಹಿಮ ತುಂಬಿ, ಎಲೆ ಮುಚ್ಚಿಟ್ಟು, ಬೇಸಿಗೆಯಲ್ಲಿ ಹೇಸರಗತ್ತೆಯ ಮೇಲೆ ಊರಿಗೆ ಸಾಗಿಸುತ್ತಿದ್ದರಂತೆ.

'ಇವನ್ನೆಲ್ಲ ನೋಡ್ಕೊಂಡು ಇರೋದಕ್ಕೇ ತಾನೆ ನನ್ನ ಅಬ್ಬಾನ ಕಡೆ ತಿರುಗಿ ನೋಡದೆ ಹೋಗಿದ್ದು?' ಕೋಪವೇ ಇಲ್ಲದೆ ಅಂದುಕೊಂಡಳು.

ಅಬ್ಬಾ ಮೈಸೂರಿನಲ್ಲಿ ಯುನಾನಿ ಹಕೀಮರಾಗಿದ್ದವರು, ವಯಸ್ಸಾದ ಮೇಲೆ ಊರು ಬಿಟ್ಟು ಈ ಪರದೇಶದಲ್ಲಿ ಮಗಳ ಜೊತೆ ಇದ್ದರು. ರಾಹೀಲ್ ಆ ಬೆಟ್ಟದಲ್ಲಿದ್ದಾಗಲೇ ಅವರು ಆಸ್ಪತ್ರೆ ಸೇರಿದರು; ಆ ದಿನ, "ರಾಹೀಲ್‌ಗೆ ಎಲ್ಲ ಹೇಳಿದ್ದೀನಿ, ಬರ್ತಾನೆ" ಎಂದಿದ್ದರು. ವಿಷಯ ಗೊತ್ತಿದ್ದೂ ಬರದವನನ್ನು ತಾನೇಕೆ ಕರೆಯಬೇಕು? ಹಟ ಹಿಡಿದು ಹದಿನೈದು ದಿನ ಬಾಗಿಲು ನೋಡಿದಳು. ಅವನು ಬಂದಾಗ ದಫನ್ ಮುಗಿದು ಮೂರು ದಿನವಾಗಿತ್ತು. "ಯಾಕೆ ಬರ್ಲಿಲ್ಲ?" ಎಂದು ಕೇಳಿದರೆ ತಲೆ ತಗ್ಗಿಸಿ ನಿಂತ, ಒಂದು ಮಾತಾಡಲಿಲ್ಲ.

ಗೋಡೆಯ ಮೇಲೆ ಈಗ ಆ್ಯಶ್ ಮರದ ಚಿತ್ರ. ಬೇಸಿಗೆಯಲ್ಲಿ ತೊಗಟೆಗೆ ಕತ್ತಿಯಿಂದ ಗೀರು ಹಾಕಿದರೆ ಸಿಹಿಯಾದ ರಸ ಒಸರಿ, ಬಿಸಿಲಿಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಒಂದು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ.

"ಅಲ್ಲಿ ಇದನ್ನ ಮನ್ನಾ ಅಂತಾರೆ. ನಮ್ಮ ಹಕೀಮರು ಶೀರ್‌ಖಿಶ್ತ್ ಅಂತ..." ರಾಹೀಲ್ ತಡವರಿಸಿದ. ಥಟ್ಟನೆ ಕನ್ನಡಕ್ಕೆ ಬಂದ. "ಮುಂದಿನ ಸ್ಲೈಡ್ ಬೇಡ. ಸ್ಕಿಪ್ ಮಾಡಿ."

ಅಷ್ಟರಲ್ಲಿ ಅವಳ ಬೆರಳು ಒತ್ತಿಬಿಟ್ಟಿತ್ತು.

ಗೋಡೆಯ ತುಂಬ ಅಬ್ಬಾನ ಕೈಬರಹ!

ಅವರು ರಾಹೀಲ್‌ಗೆ ಫೋಟೋ ತೆಗೆದು ಕಳಿಸಿದ್ದ ಔಷಧಿ ಚೀಟಿ, ಉರ್ದುವಿನಲ್ಲಿ. ಇಲ್ಲಿ ಅದನ್ನು ಓದುವವರು ಯಾರೂ ಇರುವುದಿಲ್ಲ ಎಂದುಕೊಂಡೇ ಅವನು ಪೂರ್ತಿ ಚೀಟಿ ಹಾಕಿದ್ದ.

"ಸ್ಕಿಪ್ ಮಾಡು ಜಾಹಿದಾ, ಪ್ಲೀಸ್!"

"ಇರಿ."

ಮೇಲೆ ಮದ್ದಿನ ಅಳತೆ. ಕೆಳಗೆ ಸಣ್ಣ ಅಕ್ಷರ: 'ರಾಹೀಲ್ ಮಗನೇ, ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮ ನಿಕಾಹ್ ದಿನ ಎಲ್ಲರ ಬಾಯಿ ಸಿಹಿ ಮಾಡಲು ನನಗೆ ಅಸಲಿ ಶೀರ್‌ಖಿಶ್ತೇ ಬೇಕು. ಅವಸರ ಬೇಡ. ಮಳೆ ನಿಲ್ಲುವವರೆಗೆ ಅಲ್ಲೇ ಇರು.'

ತಾರೀಖು ಆಗಸ್ಟ್ ಇಪ್ಪತ್ತೊಂದು.

ಆಗಸ್ಟ್ ಇಪ್ಪತ್ತೊಂದು... ಐಸಿಯುನಿಂದ ವಾರ್ಡಿಗೆ ಬಂದ ಅಬ್ಬಾ ಕಾಗದ, ಪೆನ್ನು ಕೇಳಿದ್ದರು. ಅವಳೇ ತಂದು ಕೊಟ್ಟಿದ್ದಳು!

"ಯಾಕಮ್ಮಾ, ಸ್ಲೈಡ್ ಸ್ಟಕ್ ಆಯ್ತಾ?" ಸುಧಾಮಣಿ ಆಂಟಿ ತಿರುಗಿ ನೋಡಿದರು.

"ಹೌದು ಆಂಟಿ. ಈಗ ಸರಿ ಹೋಗುತ್ತೆ."

ಎಲ್ಲರೂ ಹೋದ ಮೇಲೆ ಇಬ್ಬರೂ ಕುರ್ಚಿ ಮಡಿಚತೊಡಗಿದರು. ಇಬ್ಬರ ಮನೆಮಾತೂ ಉರ್ದು. ಆದರೆ ಮೈಸೂರಿನ ಸ್ಕೂಲಿನ ದಿನಗಳಿಂದ ಇವರು ಜಗಳವಾಡುತ್ತಿದ್ದುದು ಮಾತ್ರ ಕನ್ನಡದಲ್ಲೇ.

"ಅಬ್ಬಾ ನಿಂಗೆ ಏನೂ ಹೇಳಿರ್ಲಿಲ್ಲ."

ನೀವು ಹೋಗಿ ನೀನು ಬಂದಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ಇಲ್ಲ."

"ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ದಫನ್ ಆಗಿ ಮೂರು ದಿನ ಆಗಿತ್ತು. ನಿಮ್ಮ ಅಬ್ಬಾ ಸುಳ್ಳು ಹೇಳಿದ್ರು ಅಂತ ನಾನು ಹೇಗೆ ಹೇಳ್ಲಿ? ಅದಕ್ಕಿಂತ ನೀನು ನನ್ನ ಬೈಕೊಂಡಿರೋದೇ ಮೇಲು ಅನಿಸ್ತು."

"ಹದಿನಾಲ್ಕು ತಿಂಗಳು..."

"ಹೂಂ."

ಜಾಹಿದಾ ಕುರ್ಚಿ ಹಿಡಿದೇ ನಿಂತಳು. "ಈಗ ನನಗೆ ಅಳು ಬರ್ಬೇಕು, ಅಲ್ವಾ? ಬರ್ತಿಲ್ಲ. ನನ್ನೊಳಗೆ ಏನೂ ಉಳಿದಿಲ್ಲ ರಾಹೀಲ್. ಇಂಥವಳನ್ನ ಕಟ್ಕೊಂಡು ಏನು ಮಾಡ್ತೀಯ?"

ಅವನು ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದ. ಅಬ್ಬಾನ ಡಬ್ಬಿ! ಬೆಟ್ಟಕ್ಕೆ ಹೊರಟಾಗ ಅವರೇ ಅವನ ಕೈಗೆ ಕೊಟ್ಟಿದ್ದರು.

"ಮಳೆ ನಿಂತ ಮೇಲೆ ಸಿಕ್ಕಿದ್ದು ಇಷ್ಟೇ. ಅವರಿಗೆ ಕೊಡೋಕೆ ಆಗ್ಲಿಲ್ಲ. ಎಲ್ಲಿಗೆ ಹೋದ್ರೂ ಜೊತೆಗೇ ಇಟ್ಕೋತೀನಿ."

ಬೆಳ್ಳಗಿನ ಒಂದು ಚೂರನ್ನು ಅವಳು ನಾಲಿಗೆಯ ಮೇಲಿಟ್ಟುಕೊಂಡಳು. ಅವನು ಬಾಗಿ ಅವಳ ಮುಖ ನೋಡಿದ.

"ಸಿಹಿ ಇದ್ಯಾ?"

"ಗೊತ್ತಾಗ್ತಿಲ್ಲ."

ಅವನು ನಿಧಾನವಾಗಿ ಮುಚ್ಚಳ ಹಾಕಲು ಹೋದ. ಜಾಹಿದಾ ಅವನ ಕೈ ಹಿಡಿದಳು.

"ಮುಚ್ಬೇಡ. ಇನ್ನೊಂದು ಚೂರು ಕೊಡು."

"ಅದೂ ಗೊತ್ತಾಗ್ದಿದ್ರೆ?"

"ಗೊತ್ತಾಗೋವರೆಗೂ ಕೊಡ್ತಾ ಇರು."

"ನಿಕಾಹ್‌ಗೆ ಉಳಿಯಲ್ವಲ್ಲೇ..."

"ಜುಲೈನಲ್ಲಿ ಇಬ್ರೂ ಹೋಗಿ ತರೋಣ." ಅವಳು ಕೈ ಬಿಡಲಿಲ್ಲ. "ಮಳೆ ಬಂದ್ರೆ, ನಿಲ್ಲೋವರೆಗೆ ಅಲ್ಲೇ ಇರೋಣ."