ಸೋರುವ ಸಂತನೂ ಆರು ಹಂಚೂ

ಟ್ರ್ಯಾಕ್ಟರ್ ನನ್ನ ಬೆನ್ನಿಗೇ ಬಂದಿತ್ತು!

ಓಡಿದೆ. ಮೇಲೆ ಮಳೆ. ಕಾಲಡಿ ಕೆಸರು. ಕಂಕುಳಲ್ಲಿ ಸಂತ ಗ್ವೆನೆಕ್‌ನ ಮರದ ಮೂರ್ತಿ. ಹಿಂದೆ ಸ್ಟಿಯರಿಂಗ್ ಹಿಡಿದವಳು ಎಪ್ಪತ್ತೆಂಟು ವರ್ಷದ ಅಝೆನೋರ್ ಅಜ್ಜಿ.

"ಲೋ ಗುಲ್ವೆನ್! ಸಂತನ್ನ ಕೆಳಗಿಡೋ! ಇಲ್ಲಾಂದ್ರೆ ನಿನ್ನ ಈ ಹೊಲಕ್ಕೇ ಗೊಬ್ಬರ ಮಾಡ್ತೀನಿ!"

ನಾನು ಸ್ಮಾರಕ ಇಲಾಖೆಯ ಪತ್ತೇದಾರ. ಫ್ರಾನ್ಸಿನ ಬ್ರಿಟನಿ ಸೀಮೆಯ ಹಳ್ಳಿಗಳಲ್ಲಿ ಕಳುವಾದ ಸಂತರನ್ನು ಹುಡುಕಿ ತರುವುದೇ ನನ್ನ ಕಸುಬು. ಚಾಕು ನೋಡಿದ್ದೇನೆ. ಪಿಸ್ತೂಲು ನೋಡಿದ್ದೇನೆ. ಆದರೆ ಇಗರ್ಜಿಯ ಬೀಗದ ಕೈ ಇಟ್ಟುಕೊಂಡವಳೇ ಕಳ್ಳಿಯಾಗಿದ್ದು ಇದೇ ಮೊದಲು. ಸಂತ ಸಿಕ್ಕಿದ್ದು ಅವಳ ಅಡುಗೆಮನೆಯಲ್ಲಿ... ಒಲೆಯ ಪಕ್ಕ, ಉಣ್ಣೆಯ ಟೋಪಿ ಹಾಕಿಕೊಂಡು!

ಹೊಲದಂಚಿನ ಇಗರ್ಜಿಗೆ ನುಗ್ಗಿದೆ. ಏಳುನೂರು ವರ್ಷದ ಪುಟ್ಟ ಕಲ್ಲುಕಟ್ಟಡ. ಅಗುಳಿ ಜಡಿದೆ. ಸಂತನನ್ನು ಪೀಠದ ಮೇಲೆ ನಿಲ್ಲಿಸಿದೆ.

ಟಪ್!

ನನ್ನ ಬೋಳುತಲೆಯ ಮೇಲೆ ಹನಿ.

ಟಪ್!

ಸಂತನ ಮೂಗಿನ ಮೇಲೆ ಇನ್ನೊಂದು. ಮೂಗು ಅರ್ಧ ಕೊಳೆತಿತ್ತು.

ಬಾಗಿಲಾಚೆಯಿಂದ ಅಜ್ಜಿ ಕೂಗಿದಳು. "ಗೊತ್ತಾಯ್ತಾ? ಮೂರು ಚಳಿಗಾಲ ನೆನೆದಿದ್ದಾನೆ ಕಣೋ!"

"ಹಂಚು ಹಾಕಿಸ್ಬೇಕಿತ್ತು!"

"ಹಾಕಿಸ್ದೆ! ನಿಮ್ಮೋರೇ ಕೀಳಿಸಿದ್ರು. ಸ್ಮಾರಕಕ್ಕೆ ಮೊಳೆ ಹೊಡೆದ್ರೂ ಅಪರಾಧವಂತೆ. ಹನ್ನೊಂದು ಅರ್ಜಿ ಹಾಕ್ದೆ!"

"ಏನಂದ್ರು?"

"ಅರ್ಜಿ ಒದ್ದೆಯಾಗಿದೆ, ಒಣಗಿದ್ದು ಕಳಿಸಿ ಅಂದ್ರು!"

ತಲೆಯೆತ್ತಿ ಮಾಡಿನ ತೂತು ನೋಡಿದೆ. ಅಗುಳಿ ತೆಗೆದೆ. ಹುಲ್ಲೆತ್ತುವ ಕವೆಗೋಲು ನನ್ನ ಹೊಟ್ಟೆಗೇ ಗುರಿಯಾಗಿತ್ತು!

"ಹಂಚು ಎಲ್ಲಿ?" ಎಂದೆ.

"ಕೊಟ್ಟಿಗೇಲಿ. ಯಾಕೆ?"

"ಏಣಿ?"

ಕವೆಗೋಲು ನಿಧಾನವಾಗಿ ಕೆಳಗಿಳಿಯಿತು. "ಕೆಲಸ ಹೋಗುತ್ತೆ ಮಗಾ..."

"ಏಣಿ ಹಿಡ್ಕೋ ಅಜ್ಜಿ, ಮಾತು ಬೇಡ!"

ಹತ್ತಿದೆ. ಐದು ಹಂಚು ಕೂತವು. ಆರನೆಯದಕ್ಕೆ ಕಾಲು ಜಾರಿತು! ಕೈಗೆ ಸಿಕ್ಕಿದ್ದು ಮಾಡಿನ ತುದಿಯ ಇಗರ್ಜಿ ಗಂಟೆ. ಜೋತುಬಿದ್ದೆ.

ಢಣ್! ಢಣ್!

ಸಾವಿನ ಗಂಟೆಯೆಂದು ಊರೆಲ್ಲ ಕಪ್ಪು ಬಟ್ಟೆ ತೊಟ್ಟು ಓಡಿಬಂತು.

"ಯಾರು ಹೋದ್ರು?"

"ಇನ್ನೂ ಹೋಗಿಲ್ಲ! ಮೊದಲು ಇವನನ್ನ ಇಳಿಸ್ರೋ!" ಅಜ್ಜಿ ಗದರಿದಳು.

ಇಳಿಸಿದರು. ಆರನೆಯ ಹಂಚನ್ನು ಅವರೇ ಕೂರಿಸಿದರು.

ವಾರದ ಬಳಿಕ ನನ್ನ ಮೇಲಧಿಕಾರಿ ಕರೆಸಿದರು.

"ಸ್ಮಾರಕದ ಮೇಲೆ ಆರು ಅಕ್ರಮ ಹಂಚು, ಗುಲ್ವೆನ್! ಊರಲ್ಲಿ ಒಬ್ಬರೂ ಬಾಯಿ ಬಿಡ್ತಿಲ್ಲ. ಮಾಡಿದೋನು ಬೇಕು ನಂಗೆ!"

"ಹಿಡೀತೀನಿ, ಮೇಡಂ."

ಕೇಸು ಶುರುವಾಗಿ ನಾಲ್ಕು ವರ್ಷವಾಯಿತು. ಅಪರಾಧಿ ಮಹಾ ಚಾಲಾಕಿ... ಇನ್ನೂ ನನ್ನ ಕೈಗೆ ಸಿಕ್ಕಿಲ್ಲ!