ನೋವು ಹತ್ತಕ್ಕೆ ಎಷ್ಟು?

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಚಿಕಿತ್ಸೆಯ ಕೋಣೆಯ ಸೀಲಿಂಗಿನಲ್ಲಿದ್ದ ತಟ್ಟೆಯಗಲದ ಕಂದು ಕಲೆ ಮಾಯವಾಗಿತ್ತು. ಅದನ್ನು ಅಳಿಸಿದ ಪೇಂಟರನ ಬಲಗೈ ಮೇಲೇಳುತ್ತಿರಲಿಲ್ಲ.

ಐದು ವಾರಗಳ ಹಿಂದೆ, ಮೊದಲ ದಿನ, ಅವನು ಆ ಕಲೆಯ ಕೆಳಗೆ ಅಂಗಿ ಬಿಚ್ಚಿ ಮಲಗಿ ಹೆದರಿದ್ದ.

"ಮೇಡಂ, ಶಾಕ್ ಕೊಡ್ತಾರೆ ಅಂದ್ರು. ಅಂಥ ತಪ್ಪು ನಾನೇನ್ ಮಾಡಿದೀನಿ?"

"ಕರೆಂಟ್ ಅಲ್ಲ ರೀ, ಶಾಕ್‌ವೇವ್. ಗಾಳಿಯ ಒತ್ತಡದಿಂದ ಪೆಟ್ಟು ಬೀಳುತ್ತೆ. ಒಂದು ಸಲಕ್ಕೆ ಎರಡು ಸಾವಿರ." ಫಿಸಿಯೋ ಅವನ ಭುಜಕ್ಕೆ ತಣ್ಣನೆಯ ಜೆಲ್ ಹಚ್ಚಿದಳು.

"ಎರಡು ಸಾವಿರ! ನಮ್ಮ ಮೇಷ್ಟ್ರು ಹತ್ತು ವರ್ಷದಲ್ಲೂ ಅಷ್ಟು ಕೊಡ್ಲಿಲ್ಲ."

ನಗು ತಡೆಯಲು ಅವಳು ತುಟಿ ಕಚ್ಚಿದಳು. ಆದರೂ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಅವನು ಮೊದಲು ನೋಡಿದ್ದು ಅದನ್ನು.

ಮೂರು ವರ್ಷದ ನೋವು. ತಲೆಯ ಮೇಲೆ ರೋಲರ್ ಎತ್ತಿ ಎತ್ತಿ ಭುಜದ ಒಳಗೆ ಸುಣ್ಣದಂಥ ಗಂಟು ಕಟ್ಟಿತ್ತು. "ಗೋಡೆಗೆ ಬಳಿದದ್ದು ಸಾಲ್ದು ಅಂತ ಒಳಗೂ ಬಳ್ಕೊಂಡಿದೀರಿ," ಎಂದಳು. ನೋವಿನ ಮಾತ್ರೆ ಮಾತ್ರ ನುಂಗಬಾರದು ಎಂದೂ ಹೇಳಿದಳು. ಪೆಟ್ಟು ಬಿದ್ದ ಜಾಗ ಕೆರಳಿಯೇ ಮಾಯಬೇಕು, ಮಾತ್ರೆ ಅದನ್ನು ಅಡಗಿಸಿಬಿಡುತ್ತದೆ.

"ಈಗ ಹೇಳಿ. ನೋವು ಹತ್ತಕ್ಕೆ ಎಷ್ಟು?"

"ಎಂಟು."

ಮಿಷನ್ ಟಕಟಕ ಹೊಡೆಯುತ್ತಿದ್ದಷ್ಟು ಹೊತ್ತೂ ಅವನು ಸೀಲಿಂಗ್ ನೋಡಿದ. "ಆ ಕಲೆ ಬಿಟ್ಟವನು ಪೇಂಟರ್ರೇ ಅಲ್ಲ. ಕೈ ವಾಸಿಯಾಗ್ಲಿ, ನಾನೇ ಅಳಿಸಿಕೊಡ್ತೀನಿ."

ಎರಡನೇ ವಾರ ಅವಳು ಮಾತಿನ ನಡುವೆ ಹೇಳಿದಳು: ಮಿಷನ್ನೂ ಅವಳೂ ಬೇರೆ ಊರಿನ ಆಸ್ಪತ್ರೆಯಿಂದ ಪ್ರಯೋಗಕ್ಕೆ ಬಂದವರು. ಆರು ರೋಗಿಗಳಲ್ಲಿ ಹೆಚ್ಚಿನವರಿಗೆ ಗುಣ ಕಂಡರೆ ಇಲ್ಲೇ ಉಳಿಯುವುದು, ಇಲ್ಲದಿದ್ದರೆ ವಾಪಸ್.

"ನೋವು ಎಷ್ಟು?"

ಎಂಟೇ ಇತ್ತು. "ಆರು," ಎಂದ.

ಅವಳ ಮುಖ ಅರಳಿತು. ಆಮೇಲೆ ಅವನಿಗೆ ನಿಜ ಹೇಳಲಾಗಲಿಲ್ಲ. ನಾಲ್ಕು, ಮೂರು, ಎರಡು ಎನ್ನುತ್ತ ಬಂದ. ಅವಳೆದುರು ಕೈ ಎತ್ತಿ ತೋರಿಸಬೇಕಲ್ಲ. ಪ್ರತಿ ಸೋಮವಾರ ಹೊರಡುವ ಮೊದಲು ಎರಡು ಮಾತ್ರೆ ನುಂಗುತ್ತಿದ್ದ.

"ಹೆಣ್ಣು ನೋಡೋಕೆ ಹೊರಟವನ ಹಾಗೆ ತಲೆ ಬಾಚ್ಕೊಂಡು ಭುಜನೋವಿಗೆ ಹೋಗೋನು ನೀನೊಬ್ನೇ ಕಣೋ," ಎಂದು ಅವನ ಅಕ್ಕ ಛೇಡಿಸುತ್ತಿದ್ದಳು.

ಕೊನೆಯ ಸರದಿಯ ಹಿಂದಿನ ದಿನ, ಭಾನುವಾರ, ಕಾವಲುಗಾರನನ್ನು ಒಪ್ಪಿಸಿ ಆ ಕೋಣೆಗೆ ಏಣಿ ತಂದ. ಮೂರು ಮಾತ್ರೆ ನುಂಗಿದ. ಎರಡನೇ ಕೋಟ್ ಹೊಡೆಯುವಾಗ ಭುಜದೊಳಗೆ ಬಟ್ಟೆ ಹರಿದಂತಾಯಿತು. ಉಳಿದದ್ದನ್ನು ಎಡಗೈಯಲ್ಲಿ ಮುಗಿಸಿದ.

ಸೋಮವಾರ ಅವಳು ಒಳಗೆ ಬಂದವಳೇ ತಲೆಯೆತ್ತಿ ನಿಂತಳು. "ಅಯ್ಯೋ! ಯಾವಾಗ ಬಳಿದ್ರಿ?"

"ನಿನ್ನೆ. ನಿಮ್ಮ ಕೈಗುಣಕ್ಕೆ ಸಾಕ್ಷಿ ಬೇಡ್ವಾ?"

"ಎಲ್ಲಿ, ಕೈ ಎತ್ತಿ."

ಅವನು ಎಡಗೈ ಎತ್ತಿದ.

"ತಮಾಷೆ ಸಾಕು, ಬಲಗೈ."

ಅದು ಏಳಲಿಲ್ಲ. ಗುಳಿ ಅವಳ ಕೆನ್ನೆಯಿಂದ ಮಾಯವಾಯಿತು.

ದೊಡ್ಡ ಡಾಕ್ಟರು ಸ್ಕ್ಯಾನ್ ಮಾಡಿದರು. ಸುಣ್ಣದ ಗಂಟು ಇದ್ದಲ್ಲೇ ಇತ್ತು. ಸ್ನಾಯುವಿನ ಹುರಿ ಪೂರ್ತಿ ಹರಿದಿತ್ತು. ಅವರು ಗದರಿಸಿ ಕೇಳಿದ ಮೇಲೆ ಅವನು ಜೇಬಿನಿಂದ ಮಾತ್ರೆಯ ಖಾಲಿ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

"ಇವರ ಅಂಕಿಯೇ ಸುಳ್ಳಾದ್ರೆ ಉಳಿದವರದ್ದು ಹೇಗಮ್ಮ ನಂಬಲಿ?" ಡಾಕ್ಟರು ಫೈಲ್ ಮುಚ್ಚಿದರು. "ಮಿಷನ್ ವಾಪಸ್ ಹೋಗ್ಲಿ."

ಕೋಣೆಗೆ ಮರಳಿದ ಮೇಲೆ ಅವಳು ಅವನ ಕೈಗೆ ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿದಳು.

"ಯಾಕ್ರೀ ಹೀಗೆ ಮಾಡಿದ್ರಿ?"

"ನೀವು ಇಲ್ಲೇ ಉಳೀಲಿ ಅಂತ."

"ಬೇರೆ ನಾಲ್ಕು ಜನಕ್ಕೆ ನಿಜವಾಗ್ಲೂ ಕಡಿಮೆಯಾಗಿತ್ತು. ನಾಲ್ಕು ಸಾಕಿತ್ತು. ನೀವು ಎಂಟು ಅಂತಲೇ ಹೇಳಿದ್ರೂ ನಾನು ಉಳೀತಿದ್ದೆ."

ಅವನು ತಲೆ ತಗ್ಗಿಸಿದ. ಅವಳು ಕಿಟಕಿಯ ಕಡೆ ತಿರುಗಿ, ವರದಿ ಓದುವವಳಂತೆ ಹೇಳಿದಳು: "ಸೋಮವಾರ ನಿಮ್ಮ ನಂತರದ ಅರ್ಧ ಗಂಟೆ ನಾನು ಯಾರಿಗೂ ಕೊಡ್ತಿರಲಿಲ್ಲ. ನೀವು ಮಾತಾಡ್ತಾ ಕೂತ್ರೆ ಕೂರಲಿ ಅಂತ. ನಿಮಗೆ ಗೊತ್ತಾಗ್ಲೇ ಇಲ್ಲ."

ಹೊರಗೆ ಯಾರೋ ಮುಂದಿನ ಹೆಸರು ಕೂಗಿದರು. ಅವಳು ಪೆನ್ನು ತೆಗೆದುಕೊಂಡಳು.

"ಕೊನೇ ಸಲ ಕೇಳ್ತೀನಿ. ಹತ್ತಕ್ಕೆ ಎಷ್ಟು?"

"ಹತ್ತು."

"ಭುಜದ್ದು ಕೇಳಿದ್ದು."

"ಭುಜದ್ದಾದ್ರೆ ಒಂಬತ್ತು."

ಅವಳು ಒಂಬತ್ತು ಎಂದು ಬರೆದಳು. ಆಪರೇಷನ್ ಆದರೂ ಅವನು ಮತ್ತೆ ಸೀಲಿಂಗ್ ಬಳಿಯಲಾರ ಎಂದು ಇಬ್ಬರಿಗೂ ಗೊತ್ತಿತ್ತು.

"ಹೋಗೋ ದಿನ ಹೇಳದೆ ಹೋಗಬೇಡಿ," ಎಂದ. "ಹೋಗ್ತೀನಿ ಅನ್ನಬೇಡಿ. ಹೋಗಿಬರ್ತೀನಿ ಅನ್ನಿ."

"ಸುಳ್ಳು ಹೇಳೋದು ನಿಮ್ಮಿಂದಲೇ ಕಲೀಬೇಕು," ಎಂದಳು. "ಹೇಳ್ತೀನಿ."

ಮರುವಾರ ಬುಧವಾರ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಮೇಲಿನ ಮಹಡಿಯ ವಾರ್ಡಿಗೆ ಬಂದಳು. ಅವನ ಮಂಚ ಖಾಲಿಯಿತ್ತು. ಅಕ್ಕ ಅವನ ಅಂಗಿ ಮಡಚುತ್ತಿದ್ದಳು.

"ಈಗ್ತಾನೇ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರಮ್ಮ. ಪ್ರಜ್ಞೆ ತಪ್ಪೋ ಮದ್ದು ಕೊಟ್ಟಿದಾರೆ. ಏನಾದ್ರೂ ಹೇಳಬೇಕಿತ್ತಾ?"

ಒಂಬತ್ತೂವರೆಗೆ ಮಿಷನ್ ಹೇರಿದ ವ್ಯಾನ್ ಹೊರಟಿತು. ಅವಳು ಡ್ರೈವರ್ ಪಕ್ಕದ ಸೀಟಿನಲ್ಲಿದ್ದಳು. ಅವನಿಗೆ ಎಚ್ಚರವಾದದ್ದು ಮಧ್ಯಾಹ್ನ ಒಂದು ಗಂಟೆಗೆ.