ಇಳಿಯುತ್ತಲೇ ಹೋದ ಗೆರೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಡಗಿಯ ಹೆಂಡತಿ. ಗಂಡನಿಗೆ ದೊಡ್ಡಾಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಗಿತ್ತು. ಹೊಲಿಗೆ ಹಾಕಿದ ಜಾಗದಲ್ಲಿ ಕೀವು ತುಂಬಿ, ಜ್ವರ ಏರಿ, ಈಗ ಮಾತೂ ನಿಂತಿತ್ತು.

"ಮೂರು ಸಲ ಕೀವು ತೆಗೆದು ಪರೀಕ್ಷೆಗೆ ಕಳಿಸಿದ್ರು. ಮೂರು ಸಲವೂ ಏನೂ ಇಲ್ಲ ಅಂತ ಬಂತು. ಯಾವ ಕ್ರಿಮಿ ಅಂತ ಗೊತ್ತಾಗದೆ ಯಾವ ಔಷಧಿ ಕೊಡ್ಲಿ ಅಂತಾರೆ ಡಾಕ್ಟ್ರು. ಕಣ್ಣೆದುರಿಗೇ ಕೊಳೀತಿದ್ದಾರೆ ಸಾರ್! ಯಾರೋ ಸುಳ್ಳು ಹೇಳ್ತಿದ್ದಾರೆ."

ಇನ್‌ಸ್ಪೆಕ್ಟರ್ ದೂರು ಬರೆಸಿಕೊಂಡು ಹೊರಟ. ಕೀವಿಗೂ ಪೊಲೀಸರೇ ಬೇಕಾ ಎಂದು ದಫೇದಾರ ದಾರಿಯುದ್ದಕ್ಕೂ ಗೊಣಗಿದ.

ಆಸ್ಪತ್ರೆಯಲ್ಲಿ ಸೋಂಕಿನ ಲೆಕ್ಕ ಇಡುವ ಹಿರಿಯ ನರ್ಸನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು. ಅವಳ ಕೋಣೆಗೆ ಕಾಲಿಟ್ಟ ಇನ್‌ಸ್ಪೆಕ್ಟರ್ ಬಂದ ಕೆಲಸವನ್ನೇ ಮರೆತ. ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಕಾಗದ, ಅದರ ಮೇಲೊಂದು ಗೆರೆ. ಆಸ್ಪತ್ರೆಗೆ ಬಂದ ಮೇಲೆ ಸೋಂಕು ಹತ್ತಿಸಿಕೊಂಡವರು ನೂರಕ್ಕೆ ಎಷ್ಟು ಎಂದು ತಿಂಗಳಿಗೊಂದು ಚುಕ್ಕಿ. ವರ್ಷದಿಂದ ವರ್ಷಕ್ಕೆ ಗೆರೆ ಇಳಿಯುತ್ತಲೇ ಹೋಗಿತ್ತು.

"ಇಲ್ಲಿ ಕೈ ತೊಳೆಯೋ ನಲ್ಲೀನ ವಾರ್ಡಿನ ಬಾಗಿಲಿಗೆ ತಂದ್ವಿ," ಅವಳು ಒಂದು ಇಳಿಜಾರು ಮುಟ್ಟಿದಳು. "ಇಲ್ಲಿ ಆಪರೇಷನ್ನಿಗೆ ಮುಂಚೆ ಬ್ಲೇಡಲ್ಲಿ ಕೂದಲು ತೆಗೆಯೋದು ನಿಲ್ಸಿದ್ವಿ."

ಒಂದು ನಲ್ಲಿಯ ಜಾಗ ಬದಲಾದರೆ ಇಷ್ಟು ಜನ ನಡೆದುಕೊಂಡು ಮನೆ ಸೇರುತ್ತಾರೆಯೇ! ಸತ್ತವರ ಲೆಕ್ಕ ಬರೆಯುವುದರಲ್ಲೇ ಸರ್ವೀಸು ಕಳೆದವನಿಗೆ, ಸಾಯದೆ ಉಳಿದವರನ್ನು ಹೀಗೆ ಗೋಡೆಯ ಮೇಲೆ ಕಾಣಬಹುದೆಂದು ಗೊತ್ತೇ ಇರಲಿಲ್ಲ. ಅವನ ಮೈ ಜುಮ್ಮೆಂದಿತು. ಕೊನೆಯ ವರ್ಷವಂತೂ ಗೆರೆ ಸೊನ್ನೆಯ ಪಕ್ಕದಲ್ಲೇ ಮಲಗಿತ್ತು.

ಹೊರಗೆ ಬಂದ ದಫೇದಾರ ಕಿಸಕ್ಕನೆ ನಕ್ಕ. "ಹಿಂದಿನ ಸಾಹೇಬ್ರ ಕಾಲದಲ್ಲಿ ನಮ್ಮ ಠಾಣೇಲೂ ಕಳ್ಳತನ ಹೀಗೇ ನಿಂತುಹೋಗಿತ್ತು ಸಾರ್. ದೂರೇ ಬರ್ಕೊಳ್ತಿರಲಿಲ್ಲವಲ್ಲ!"

ಇನ್‌ಸ್ಪೆಕ್ಟರ್ ಗಕ್ಕನೆ ನಿಂತ. ನೇರ ವಾರ್ಡಿನ ಡಾಕ್ಟರ ಬಳಿ ಹೋದ.

"ಕೀವಿನ ಮಾದರಿ ಇಲ್ಲಿಂದ ಲ್ಯಾಬಿಗೆ ಹೇಗೆ ಹೋಗುತ್ತೆ?"

"ಮೊದಲು ಲೆಕ್ಕದಕ್ಕನ ಕೋಣೆಗೆ. ಅವರು ಹೆಸರು ನೋಡಿ ಕಳಿಸ್ತಾರೆ."

"ಅವರ ಮೇಲೆ ಅನುಮಾನ ಬರಲಿಲ್ವಾ?"

"ಅಕ್ಕನ ಮೇಲಾ? ನಮಗೆ ಕೈ ತೊಳೆಯೋದು ಕಲಿಸಿದ್ದೇ ಅವರು!"

ಮಧ್ಯಾಹ್ನ ಎರಡು ಗಂಟೆಗೆ, ಪಂಚರ ಎದುರು, ಬಡಗಿಯ ಗಾಯದಿಂದ ಎರಡು ಹತ್ತಿಕಡ್ಡಿಗೆ ಕೀವು ತೆಗೆಸಲಾಯಿತು. ಒಂದು ಎಂದಿನಂತೆ ಅಕ್ಕನ ಕೋಣೆಯ ಮೂಲಕ ಹೋಯಿತು. ಇನ್ನೊಂದಕ್ಕೆ ಸೀಲು ಹಾಕಿ ದಫೇದಾರನ ಕೈಗೆ ಕೊಟ್ಟರು. ಅವನು ಉಸಿರು ಬಿಗಿಹಿಡಿದು ನೇರ ಲ್ಯಾಬಿಗೆ ನಡೆದ.

ಬುಧವಾರ ಲ್ಯಾಬಿನಲ್ಲಿ ಕ್ರಿಮಿ ಬೆಳೆಸುವ ಎರಡು ಗಾಜಿನ ತಟ್ಟೆ ಅಕ್ಕಪಕ್ಕ ಇಟ್ಟರು. ಅಕ್ಕನ ಕೋಣೆ ಹಾದು ಬಂದದ್ದು ಖಾಲಿ. ದಫೇದಾರ ತಂದದ್ದರ ತುಂಬ ಹಳದಿ ಚುಕ್ಕಿಗಳು ಕಿಕ್ಕಿರಿದಿದ್ದವು.

"ಅಬ್ಬಬ್ಬಾ! ಇವರೆಲ್ಲ ಆ ಮನುಷ್ಯನೊಳಗೆ ಸಂಸಾರ ಹೂಡಿದ್ರಾ?" ಎಂದ ದಫೇದಾರ. ಕಣ್ಣಿಗೆ ಕಾಣದ ಆರೋಪಿ ಎರಡೇ ದಿನದಲ್ಲಿ ಎದುರು ಬಂದು ಕೂತಿದ್ದ. ಯಾವ ಔಷಧಿಗೆ ಅದು ಸಾಯುತ್ತದೆಂದು ತಿಳಿದ ತಕ್ಷಣ ಬಡಗಿಗೆ ಇಂಜೆಕ್ಷನ್ ಬದಲಾಯಿತು. ಪಂಚನಾಮೆ ಮುಗಿದು, ಸಂಜೆ FIR ದಾಖಲಾಯಿತು.

ಗುರುವಾರ ಮಧ್ಯಾಹ್ನ ಬಂಧಿಸಲು ಹೋದಾಗ ಲೆಕ್ಕದಕ್ಕ ಏನನ್ನೂ ಅಲ್ಲಗಳೆಯಲಿಲ್ಲ.

"ಯಾಕೆ ಮಾಡಿದ್ರಿ?"

"ಹೋದ ವರ್ಷ ಗೆರೆ ಮೇಲೇಳೋಕೆ ಶುರುವಾಯ್ತು. ನನ್ನ ಕೈಲಿ ನೋಡೋಕಾಗಲಿಲ್ಲ. ಕೀವಿನ ಕಡ್ಡಿ ತೆಗೆದು ಹೊಸ ಕಡ್ಡಿ ಇಟ್ಟೆ, ಇದೊಂದ್ಸಲ ಅಂತ. ಮುಂದಿನ ತಿಂಗಳು ನಿಜವಾಗ್ಲೂ ಇಳಿಸ್ತೀನಿ ಅಂದ್ಕೊಂಡೆ. ಇಳೀಲಿಲ್ಲ."

"ಹೀಗೆ ಯಾರ್ಯಾರದ್ದು?"

ಅವಳು ಕಣ್ಣು ಮುಚ್ಚಿದಳು. "ಕಿಟಕಿ ಪಕ್ಕದ ಮಂಚ, ಬಸ್ ಡ್ರೈವರು, ಮೊಣಕಾಲು. ಮನೆಗೆ ಹೋದ್ರು. ಹೆರಿಗೆ ವಾರ್ಡು, ಬಾಗಿಲ ಪಕ್ಕದ ಮಂಚ, ಟೀಚರಮ್ಮ, ಸಿಸೇರಿಯನ್. ಮನೆಗೆ ಹೋದ್ರು. ಹೆಂಗಸರ ವಾರ್ಡು, ಮೂಲೆ ಮಂಚ, ಒಬ್ರು ಅಜ್ಜಿ, ಸೊಂಟ." ಮೂರನೇ ಬೆರಳು ಮಡಿಸಿದಳು. "ಹೋಗಲಿಲ್ಲ."

ದಫೇದಾರನ ಪೆನ್ನು ಓಡುತ್ತಲೇ ಇತ್ತು. ಒಬ್ಬರೂ ತಪ್ಪಿರಲಿಲ್ಲ. ಊರಿಗೆಲ್ಲ ಮುಚ್ಚಿಟ್ಟದ್ದನ್ನು ಈ ಹೆಂಗಸು ತನ್ನೊಳಗೆ ಪ್ರತಿ ತಿಂಗಳೂ ಎಣಿಸುತ್ತಲೇ ಇದ್ದಳಲ್ಲ ಎಂದು ಇನ್‌ಸ್ಪೆಕ್ಟರ್ ಬೆರಗಾಗಿ ನಿಂತ.

"ಬಡಗಿ, ಹರ್ನಿಯಾ." ಅವಳು ಕಣ್ಣು ತೆರೆದು ಅವನನ್ನೇ ನೋಡಿದಳು.

"ಜ್ವರ ಇಳೀತಿದೆ," ಎಂದ ಇನ್‌ಸ್ಪೆಕ್ಟರ್. "ಬೆಳಿಗ್ಗೆ ಹೆಂಡ್ತಿ ಹತ್ರ ನೀರು ಕೇಳಿದರಂತೆ."

ಆಗ ಅವಳಿಗೆ ಅಳು ಒತ್ತರಿಸಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ದಫೇದಾರನ ಕಡೆ ತಿರುಗಿದಳು.

"ಅವರನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ," ಎಂದಳು.